ಅಕ್ರಿಲಿಕ್ ಬಗ್ಗಿಸಲು ಗ್ಯಾಸ್ ಒಲೆಯೇ?

ಫೋನ್ ಸ್ಟ್ಯಾಂಡ್ ಮಾಡುವ ಹುಮ್ಮಸ್ಸಿನಲ್ಲಿ ಕೆಲವರು ಅಕ್ರಿಲಿಕ್ ಹಾಳೆಯನ್ನು ನೇರ ಗ್ಯಾಸ್ ಒಲೆಗೇ ಹಿಡಿಯುತ್ತಾರೆ. ಹೊತ್ತಿಕೊಳ್ಳುವ ವಸ್ತುವಿನ ಜೊತೆ ಇದೆಂಥ ಸರಸ!

ಸುಮಾರು 105 ಡಿಗ್ರಿ ಸೆಲ್ಸಿಯಸ್‌ಗೆ ಮೆದುವಾಗತೊಡಗುವ ಅಕ್ರಿಲಿಕ್ ಸಲೀಸಾಗಿ ಬಾಗುವುದು 150ರ ಆಸುಪಾಸಿನಲ್ಲಿ. ಅವಸರಪಟ್ಟು ಮಡಚಿದರೆ ಬಾಗಿದ ಕಡೆ ಕೂದಲೆಳೆಯಂಥ ಬಿರುಕು. ಅತಿಯಾಗಿ ಕಾಯಿಸಿದರೆ ಒಳಗೆಲ್ಲ ಗುಳ್ಳೆ. ಹಾಳೆ ಹೀರಿಕೊಂಡ ತೇವವೂ ಗುಳ್ಳೆ ಎಬ್ಬಿಸುವುದರಿಂದ ಮಳೆಗಾಲದಲ್ಲಿ ಕೈಕೊಡುವುದು ಹೆಚ್ಚು.

ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದಲ್ಲಿ ಪೈಲಟ್‌ನ ತಲೆಯ ಮೇಲಿದ್ದ ಪಾರದರ್ಶಕ ಗುಮ್ಮಟವೂ ಕಾಯಿಸಿ ರೂಪಿಸಿದ ಅಕ್ರಿಲಿಕ್ಕೇ. ಮನೆಯಲ್ಲಿ ಅಷ್ಟೆಲ್ಲ ಬೇಡ, ಮಡಚುವ ಗೆರೆಯನ್ನಷ್ಟೇ ಕಾಯಿಸುವ ಸ್ಟ್ರಿಪ್ ಹೀಟರ್ ಸಾಕು. ರಕ್ಷಣಾ ಪದರ ಕಿತ್ತಿರಬೇಕು, ಕಿಟಕಿ ತೆರೆದಿರಬೇಕು. ರೊಟ್ಟಿ, ಕೇಕ್ ಬೇಯಿಸುವ ಓವನ್ ಮಾತ್ರ ಖಂಡಿತ ಬೇಡ.

ಎರಕದ ಹಾಳೆಗೂ ಕಿಂಡಿಯ ಮೂಲಕ ಒತ್ತಿ ತೆಗೆದ ಎಕ್ಸ್‌ಟ್ರೂಡೆಡ್ ಹಾಳೆಗೂ ಬೇಕಾದ ಶಾಖ ಬೇರೆ. ಯಾವುದೆಂದು ಅಂಗಡಿಯವರೇ ಚೀಟಿ ಅಂಟಿಸಿ ಮಾರಲಿ.