ಪಾವಿನ ಲೆಕ್ಕ, ತಕ್ಕಡಿಯ ಲೆಕ್ಕ

ಗುಂಡ್ಲುಪೇಟೆಯಲ್ಲಿರುವ ನನ್ನ ನಾದಿನಿಯ ಮನೆಗೆ ಈಚೆಗೆ ಹೋಗಿದ್ದಾಗ, ಕಾಲು ತೊಳೆದು ಒಳಗೆ ಅಡಿಯಿಡುವ ಮುನ್ನವೇ ದೂರೊಂದು ನನ್ನನ್ನು ಎದುರುಗೊಂಡಿತು.

“ನೋಡಿ ಅತ್ತಿಗೆ, ಹುರಿದು ಸಿಪ್ಪೆ ತೆಗೆದ ಕಡಲೆಬೀಜವನ್ನು ನಾಲ್ಕು ಪಾವು ಅಳೆದು ಗಿರಣಿಗೆ ಕಳುಹಿಸಿದೆ. ಬಂದ ಬೆಣ್ಣೆ ಎರಡು ಪಾವು, ಮೇಲೊಂದಿಷ್ಟು. ಉಳಿದದ್ದು ಎಲ್ಲಿಗೆ ಹೋಯಿತು?”

ಹಾಸ್ಟೆಲಿನಲ್ಲಿ ಓದುತ್ತಿರುವ ಮಗನಿಗೆ ಬ್ರೆಡ್ಡಿನ ಮೇಲೆ ಸವರಿಕೊಳ್ಳಲೆಂದು ಆಕೆ ಮಾಡಿಸಿದ ಕಡಲೆಬೀಜದ ಬೆಣ್ಣೆ ಅದು. ಬೀಜ ತಮ್ಮ ಹೊಲದ್ದೇ. ಗಿರಣಿಯವರಾದರೋ ಹದಿನೈದು ವರ್ಷಗಳಿಂದ ಆ ಮನೆಯ ರಾಗಿ ಬೀಸಿಕೊಟ್ಟವರು. ಇನ್ನು ಅತ್ತ ಒಂದು ಕಾಳನ್ನೂ ಕಳುಹಿಸಬಾರದೆಂದು ಆಕೆ ಆಗಲೇ ತೀರ್ಮಾನಿಸಿಬಿಟ್ಟಿದ್ದಳು. ನನಗೂ ಮೊದಲು ಅನುಮಾನವೇ ಆಯಿತೆಂಬುದನ್ನು ಮುಚ್ಚಿಡಲಾರೆ.

ಆದರೆ ಅಡುಗೆಮನೆಯಲ್ಲಿ ಪುಟ್ಟ ತಕ್ಕಡಿಯೊಂದಿತ್ತು. ಉಳಿದಿದ್ದ ಬೀಜವನ್ನು ಅದೇ ಹಿತ್ತಾಳೆ ಪಾವಿನಿಂದ ನಾಲ್ಕು ಸಲ ಅಳೆದು ತೂಗಿದೆವು. 590 ಗ್ರಾಂ ಬಂದಿತು. ಡಬ್ಬಿಯ ತೂಕ ಕಳೆದು ಬೆಣ್ಣೆಯನ್ನು ತೂಗಿದರೆ 580! ಗಿರಣಿಯ ಕಲ್ಲಿಗೆ ಅಂಟಿಕೊಂಡು ಹೋದದ್ದು ಹತ್ತು ಗ್ರಾಂ ಮಾತ್ರ.

ಹಾಗಾದರೆ ಕಡಿಮೆಯಾದದ್ದು ಏನು? ಗಾಳಿ. ಪಾವಿನಲ್ಲಿ ತುಂಬಿದ ಕಡಲೆಬೀಜಗಳ ನಡುವೆ ನೂರಕ್ಕೆ ಸುಮಾರು ನಲವತ್ತು ಪಾಲು ಬರಿಯ ಸಂದು. ಅರೆದಾಗ ಎಣ್ಣೆ ಬಿಟ್ಟು, ಸಂದೆಲ್ಲ ಮುಚ್ಚಿಹೋಗಿ, ನಾಲ್ಕು ಪಾವು ಎರಡೂಕಾಲಕ್ಕೆ ಇಳಿಯುತ್ತದೆ. ಅಮೆರಿಕದ ಅಡುಗೆ ಪುಸ್ತಕಗಳ ಕಪ್ಪಿನಲ್ಲಿ, ಎಂದರೆ 237 ಮಿಲಿಲೀಟರಿನಲ್ಲಿ, ಇಡೀ ಬೀಜ ಹಿಡಿಯುವುದು ಸುಮಾರು 146 ಗ್ರಾಂ, ಬೆಣ್ಣೆಯಾದರೆ 258. ಅವರ ದೊಡ್ಡ ಚಮಚಕ್ಕೆ 16 ಗ್ರಾಂ. ಬಾದಾಮಿ, ಗೋಡಂಬಿಗಳ ಬೆಣ್ಣೆಯೂ ಹೆಚ್ಚುಕಡಿಮೆ ಇಷ್ಟೇ ತೂಗುತ್ತದೆ. ಎಳ್ಳಿನದು ತುಸು ಹಗುರ. ಕೆಲವು ದೇಶಗಳಲ್ಲಿ ಕಪ್ಪೆಂದರೆ 250 ಮಿಲಿಲೀಟರು, ಅದರಲ್ಲಿ ಬೆಣ್ಣೆ 272 ಗ್ರಾಮಿನಷ್ಟು ಹಿಡಿಯುತ್ತದೆ. ಪುಸ್ತಕ ಯಾವ ದೇಶದ್ದೆಂದು ನೋಡದೆ ಕಾಫಿ ಲೋಟದಲ್ಲಿ ಅಳೆದು, ಬಿಸ್ಕತ್ತು ಕಲ್ಲಾಯಿತೆಂದು ಒಲೆಯನ್ನು ಬೈಯುವವರು ನಮ್ಮಲ್ಲಿ ಇಲ್ಲವೆ?

ಈ ಗೊಂದಲ ನಮಗೆ ಹೊಸದೂ ಅಲ್ಲ. ಹಳೆಯ ಮೈಸೂರಿನಲ್ಲಿ ಸೇರು ಎಂಬ ಒಂದೇ ಮಾತು ಎರಡು ಕೆಲಸ ಮಾಡುತ್ತಿತ್ತು: 24 ತೊಲದ ಕಚ್ಚಾ ಸೇರು ತೂಕ, ಈಗಿನ ಲೆಕ್ಕಕ್ಕೆ ಸುಮಾರು 280 ಗ್ರಾಂ; ಅಕ್ಕಿ ರಾಗಿಗಳನ್ನು ಅಳೆಯುವ ಸೇರು ಪಾತ್ರೆ. 1962ರ ಏಪ್ರಿಲ್ 1ರಿಂದ ದೇಶದಾದ್ಯಂತ ಅಂಗಡಿಗಳಲ್ಲಿ ಕಿಲೋಗ್ರಾಂ ಕಡ್ಡಾಯವಾದರೂ, ಪಾವು ಮಾತ್ರ ಅಡುಗೆಮನೆಯನ್ನು ಬಿಟ್ಟು ಕದಲಲಿಲ್ಲ. ಕದಲಬೇಕೆಂದು ನಾನೂ ಹೇಳುವುದಿಲ್ಲ; ಅನ್ನಕ್ಕೆ ಅಕ್ಕಿ ಅಳೆಯಲು ಅದಕ್ಕಿಂತ ಹಿತವಾದ ಪಾತ್ರೆಯುಂಟೆ?

ನಿಮ್ಮ ಮನೆಯ ಪಾವು ಯಾವ ಅಳತೆಯದೇ ಆಗಲಿ, ಅದರ ತುಂಬ ನೀರು ಹಿಡಿದು, ಪಾವಿನ ತೂಕ ಕಳೆದು ತೂಗಿರಿ. ನೀರು 240 ಗ್ರಾಂ ಬಂದರೆ ಪಾವು 240 ಮಿಲಿಲೀಟರಿನದು. ಆ ತೂಕಕ್ಕೆ ಅದರ ಹನ್ನೊಂದರಲ್ಲೊಂದು ಪಾಲನ್ನು ಕೂಡಿಸಿದರೆ, 22 ಸೇರಿ 262 ಗ್ರಾಂ. ಅದೇ ಒಂದು ಪಾವು ಕಡಲೆಬೀಜದ ಬೆಣ್ಣೆಯ ತೂಕ. ಮೇಲೆ ತೇಲಿದ ಎಣ್ಣೆಯನ್ನು ಕಲಸದೆ ಅಳೆದರೆ ಮಾತ್ರ ಈ ಲೆಕ್ಕ ಕೈಕೊಡುತ್ತದೆ. ಆಗತಾನೆ ಅರೆದದ್ದರಲ್ಲಿ ಗಾಳಿಗುಳ್ಳೆಗಳಿರುವುದರಿಂದ ಪಾತ್ರೆಯನ್ನು ಎರಡು ಬಾರಿ ಕುಟ್ಟಿ ಕೂರಿಸುವುದೂ ಅವಶ್ಯ. ಗಿರಣಿಗೆ ಕೊಡುವಾಗ ಹುರಿದ ಮೇಲೆಯೇ ತೂಗಿರಿ. ಹುರಿಯುವಾಗ ತೇವವೂ ಉಜ್ಜುವಾಗ ಸಿಪ್ಪೆಯೂ ಹೋಗಿ ಹಸಿಬೀಜದ ತೂಕ ಇಳಿದಿರುತ್ತದೆ.

ನಾದಿನಿ ಬಹಳ ಹೊತ್ತು ತಕ್ಕಡಿಯನ್ನೇ ನೋಡುತ್ತ ಕುಳಿತಿದ್ದಳು. “ಅವರ ಮುಂದೆ ಏನಾದರೂ ಅಂದುಬಿಟ್ಟೆಯಾ?” ಎಂದು ಕೇಳಿದೆ.

“ಬಾಯಿಬಿಟ್ಟು ಅನ್ನಲಿಲ್ಲ, ಅತ್ತಿಗೆ. ಮುಖ ತಿರುಗಿಸಿ ಬಂದೆ.”

ಮರುದಿನ ಬೆಳಿಗ್ಗೆ ರಾಗಿಯ ಚೀಲದೊಡನೆ ಬೆಣ್ಣೆಯ ಸಣ್ಣ ಶೀಶೆಯೊಂದನ್ನೂ ಹಿಡಿದು ಆಕೆಯೇ ಗಿರಣಿಗೆ ಹೊರಟಳು.