ಕೊಕೇನ್ ವ್ಯಸನ: ಠಾಣೆಯ ಭಯಕ್ಕೆ ಆಸ್ಪತ್ರೆಯ ದಾರಿ ಮುಚ್ಚದಿರಲಿ

ಮಹಾನಗರಗಳಲ್ಲಿ ಕೊಕೇನ್ ಸಿಕ್ಕಿಬಿದ್ದಾಗಲೆಲ್ಲ ಅದರ ಬೆಲೆ, ಬಂಧಿತರ ಸಂಖ್ಯೆಯ ಸುತ್ತಲೇ ಚರ್ಚೆ ಗಿರಕಿ ಹೊಡೆಯುತ್ತದೆ. ವ್ಯಸನಿಯ ದೇಹದೊಳಗೆ ಏನಾಗುತ್ತದೆ, ಆತ ಚಿಕಿತ್ಸೆ ಬಯಸಿದರೆ ಕಾನೂನು ಏನು ಹೇಳುತ್ತದೆ ಎಂಬ ಪ್ರಶ್ನೆಗಳು ಮೂಲೆಗುಂಪಾಗುತ್ತವೆ.

ಹಿತಾನುಭವದೊಂದಿಗೆ ಬೆಸೆದುಕೊಂಡಿರುವ ಡೋಪಮೈನ್ ಎಂಬ ರಾಸಾಯನಿಕವು ತನ್ನ ಕೆಲಸ ಮುಗಿಸಿ ನರಕೋಶಕ್ಕೆ ಮರಳಬೇಕು. ಕೊಕೇನ್ ಆ ದಾರಿಯನ್ನೇ ಅಡ್ಡಗಟ್ಟುತ್ತದೆ. ಉಕ್ಕುವ ಉನ್ಮಾದ ಅಲ್ಪಕಾಲದ್ದು. ಅದು ಇಳಿದೊಡನೆ ಮತ್ತೆ ಬೇಕೆಂಬ ತುಡಿತ. ಸೇವನೆ ಮುಂದುವರಿದಂತೆ ಊಟ, ಸಂಗೀತ, ಸ್ನೇಹಗಳಂಥ ಸಹಜ ಸುಖಗಳು ಸಪ್ಪೆಯಾಗುತ್ತವೆ. ಪರಿಣಾಮ ಯೋಚಿಸಿ ನಿರ್ಧರಿಸುವ ಮಿದುಳಿನ ಮುಂಭಾಗದ ಹಿಡಿತವೂ ಸಡಿಲಗೊಳ್ಳುತ್ತದೆ. 'ಮನಸ್ಸು ಗಟ್ಟಿಮಾಡಿಕೊಂಡು ಬಿಟ್ಟುಬಿಡು' ಎಂಬ ಹಿರಿಯರ ಉಪದೇಶ ಸೋಲುವುದು ಇಲ್ಲಿಯೇ.

ಹೃದಯದ ಮೇಲಿನ ಪೆಟ್ಟು ಇನ್ನೂ ತ್ವರಿತ. ರಕ್ತನಾಳಗಳು ಸಂಕುಚಿಸಿ, ರಕ್ತದೊತ್ತಡ ಏರಿ, ಬಡಿತದ ಲಯ ತಪ್ಪಬಹುದು. 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಸೇವಿಸಿದ ಮೊದಲ ಒಂದು ಗಂಟೆಯಲ್ಲಿ ಹೃದಯಾಘಾತದ ಅಪಾಯ ಸುಮಾರು 24 ಪಟ್ಟು ಹೆಚ್ಚು. ಆರೋಗ್ಯವಂತ ಯುವಕರೂ ಇದಕ್ಕೆ ಹೊರತಲ್ಲ. 1986ರ ಜೂನ್‌ನಲ್ಲಿ ಬಾಸ್ಟನ್ ಸೆಲ್ಟಿಕ್ಸ್ ತಂಡಕ್ಕೆ ಆಯ್ಕೆಯಾದ 22 ವರ್ಷದ ಬಾಸ್ಕೆಟ್‌ಬಾಲ್ ಆಟಗಾರ ಲೆನ್ ಬಯಾಸ್, ಎರಡೇ ದಿನಗಳಲ್ಲಿ ಕೊಕೇನ್‌ಗೆ ಬಲಿಯಾದರು. ಮದ್ಯವೂ ಜತೆಗೂಡಿದರೆ ಯಕೃತ್ತಿನಲ್ಲಿ ಕೊಕಾಎಥಿಲೀನ್ ಉತ್ಪತ್ತಿಯಾಗಿ ಹೃದಯದ ಅಪಾಯ ಹೆಚ್ಚುತ್ತದೆ.

2019ರಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದಲ್ಲಿ ಕೊಕೇನ್ ಬಳಸುವವರ ಪ್ರಮಾಣ ಶೇ. 0.10. ಪ್ರಮಾಣ ಕಡಿಮೆಯೆಂದು ಉಪೇಕ್ಷಿಸುವಂತಿಲ್ಲ. ಹೆರಾಯಿನ್ ವ್ಯಸನಕ್ಕೆ ಮೆಥಡೋನ್, ಬ್ಯುಪ್ರೆನಾರ್ಫಿನ್‌ನಂಥ ಔಷಧಗಳಿವೆ. ಕೊಕೇನ್ ವ್ಯಸನಕ್ಕೆ ಅಂಥ ಅನುಮೋದಿತ ಔಷಧವಿಲ್ಲ. ಆಪ್ತಸಮಾಲೋಚನೆ, ವರ್ತನಾ ಚಿಕಿತ್ಸೆಗಳೇ ಆಧಾರ. ಆದ್ದರಿಂದ ವಿಳಂಬ ದುಬಾರಿ.

ಆದರೂ ಠಾಣೆ, ಕೋರ್ಟಿನ ಭಯಕ್ಕೆ ವಿಷಯ ಮುಚ್ಚಿಡುವ ಕುಟುಂಬಗಳುಂಟು. 1985ರ ಮಾದಕ ವಸ್ತು ನಿಯಂತ್ರಣ ಕಾಯಿದೆಯ 27ನೇ ಸೆಕ್ಷನ್ ಕೊಕೇನ್ ಸೇವನೆಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 20 ಸಾವಿರ ರೂ.ವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ ನಿಜ. ಅದೇ ಕಾಯಿದೆಯ 64ಎ ಸೆಕ್ಷನ್, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ಸ್ವಯಂಪ್ರೇರಣೆಯಿಂದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಆತನಿಗೆ ವಿಚಾರಣೆಯಿಂದ ರಕ್ಷಣೆ ನೀಡುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟರೆ ಆ ರಕ್ಷಣೆ ರದ್ದಾಗಬಹುದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. 14446 ರಾಷ್ಟ್ರೀಯ ಸಹಾಯವಾಣಿಯಿದೆ. ಕೊಕೇನ್ ವಶಪಡಿಸಿಕೊಂಡ ಸುದ್ದಿಗೆ ಸಿಗುವಷ್ಟೇ ಪ್ರಚಾರ 64ಎ ಸೆಕ್ಷನ್‌ಗೂ ಸಿಕ್ಕರೆ, ಮನೆಯೊಳಗೆ ಮುಚ್ಚಿಟ್ಟ ಕಾಯಿಲೆ ಸಕಾಲದಲ್ಲಿ ವೈದ್ಯರ ಮುಂದೆ ಬಂದೀತು.