ಒಂದೇ ಬದಿಯ ಲೆಕ್ಕ

ಮದುವೆಯಾಗಿ ಎರಡು ವರ್ಷ ಕಳೆದರೂ ಮಡಿಲು ತುಂಬದಿದ್ದರೆ, ನಮ್ಮ ಮನೆಗಳಲ್ಲಿ ಮೊದಲು ವೈದ್ಯರ ಬಳಿಗೆ ಹೊರಡುವವಳು ಸೊಸೆ. ದೊಡ್ಡನೆಕ್ಕುಂದಿಯ ನನ್ನ ಸಮೀಪಬಂಧುಗಳ ಮನೆಯಲ್ಲಿಯೂ ಹಾಗೆಯೇ ಆಯಿತು. ಹಿರಿಯನೆಂದು ನನ್ನನ್ನು ಕೇಳಿದಾಗ, “ಹುಡುಗಿಯನ್ನು ತೋರಿಸಿರಿ” ಎಂದವನು ನಾನೇ. ಆಕೆಗೆ ರಕ್ತಪರೀಕ್ಷೆಗಳಾದವು, ಸ್ಕ್ಯಾನಿಂಗ್ ಆಯಿತು. ಕೊನೆಗೆ ಗರ್ಭಕೋಶದೊಳಗೆ ದ್ರವವನ್ನು ಹಾಯಿಸಿ ಎಕ್ಸ್‌ರೇ ತೆಗೆದರು. ನೋವಿನಿಂದ ಆಕೆ ಎರಡು ದಿನ ಮೇಲೇಳಲಿಲ್ಲ. ವರದಿಗಳೆಲ್ಲ ಸರಿಯಾಗಿದ್ದವು. ವರ್ಷ ಕಳೆದ ಮೇಲೆ ಪತಿಯ ವೀರ್ಯಪರೀಕ್ಷೆಯಾಯಿತು, ಕೊರತೆ ಅಲ್ಲಿತ್ತು.

ಖಾತೆಯ ಎರಡು ಬದಿಗಳೂ ತಾಳೆಯಾಗದೆ ವರ್ಷದ ಲೆಕ್ಕವನ್ನು ಮುಗಿಸದ ವರ್ತಕರು ನಾವು. ಈ ವಿಷಯದಲ್ಲಿ ಮಾತ್ರ ಒಂದೇ ಬದಿಯನ್ನು ನೋಡುವುದೇಕೆ?

ವೈದ್ಯಶಾಸ್ತ್ರದ ಮಾತು ಸ್ಪಷ್ಟವಾಗಿದೆ. ಹನ್ನೆರಡು ತಿಂಗಳು, ಸ್ತ್ರೀಗೆ 35 ದಾಟಿದ್ದರೆ ಆರು ತಿಂಗಳು, ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಇಬ್ಬರ ತಪಾಸಣೆಯೂ ಒಟ್ಟಿಗೆ ಆರಂಭವಾಗಬೇಕು. ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಪುರುಷನ ಕಾರಣವೂ ಸೇರಿರುತ್ತದೆ. ಅವನ ಪರೀಕ್ಷೆಗೆ ಸೂಜಿಯಿಲ್ಲ, ಅರಿವಳಿಕೆಯಿಲ್ಲ. 2ರಿಂದ 7 ದಿನಗಳ ಸಂಯಮ ಸಾಕು.

ಸ್ತ್ರೀಯರ ಪರೀಕ್ಷೆಗಳು ವ್ಯರ್ಥವೆಂಬುದು ನನ್ನ ವಾದವಲ್ಲ. ಥೈರಾಯ್ಡ್ ದೋಷ ಔಷಧದಿಂದ ಹತೋಟಿಗೆ ಬರುತ್ತದೆ. ನಮ್ಮ ದೇಶದಲ್ಲಿ ಕ್ಷಯರೋಗವು ಸದ್ದಿಲ್ಲದೆ ಗರ್ಭನಾಳಗಳನ್ನು ಮುಚ್ಚುವುದುಂಟು. ಆ ಎಕ್ಸ್‌ರೇ ಅದನ್ನು ತೋರಿಸಬಲ್ಲದು. ಆದರೆ ಎ.ಎಂ.ಎಚ್. ಎಂಬ ರಕ್ತಪರೀಕ್ಷೆ ಅಂಡಗಳ ಸಂಗ್ರಹವನ್ನು ಸೂಚಿಸುವುದೇ ಹೊರತು, ಆಕೆ ತಾಯಿಯಾಗುವಳೋ ಇಲ್ಲವೋ ಎಂಬುದನ್ನಲ್ಲ. ಆ ಒಂದು ಅಂಕಿಯನ್ನು ಹಿಡಿದು ‘ಬಂಜೆ’ ಎನ್ನುವುದು ಅಜ್ಞಾನ.

“ಅವಳ ಕರ್ಮ” ಎನ್ನುವವರಿದ್ದಾರೆ. ಕರ್ಮಬಂಧವು ಪತ್ನಿಗಷ್ಟೇ ಇದ್ದು ಪತಿಗೆ ಇಲ್ಲವೇ? ಒಂದೇ ಕಡೆಯಿಂದ ನೋಡಿ ನಿರ್ಣಯಿಸುವುದು ಏಕಾಂತದೃಷ್ಟಿ. ಅದನ್ನು ಖಂಡಿಸಿಯೇ ನಮ್ಮ ಆಚಾರ್ಯರು ಅನೇಕಾಂತವನ್ನು ಬೋಧಿಸಿದರು. ತತ್ತ್ವಾರ್ಥಸೂತ್ರವು ಹಿಂಸೆಯ ಬೇರನ್ನು ಪ್ರಮಾದದಲ್ಲಿ ಕಾಣುತ್ತದೆ. ಪುರುಷನ ಮಾನವನ್ನು ಕಾಯಲೆಂದು ಸ್ತ್ರೀಯ ದೇಹಕ್ಕೆ ಬೇಡದ ನೋವನ್ನುಂಟುಮಾಡುವುದು ಪ್ರಮಾದವಲ್ಲದೆ ಮತ್ತೇನು? ನೀರನ್ನು ಸೋಸಿ ಕುಡಿಯುವ ನಾವು ಇದನ್ನು ಯೋಚಿಸದಿರುವುದು ನಾಚಿಕೆಗೇಡು.

ಆದಿನಾಥರ ಪುತ್ರಿಯರಾದ ಬ್ರಾಹ್ಮಿ, ಸುಂದರಿಯರು ಮಕ್ಕಳನ್ನು ಹೆರಲಿಲ್ಲ. ಆದರೂ ಲಿಪಿಗೆ ಬ್ರಾಹ್ಮಿಯ ಹೆಸರನ್ನಿಟ್ಟ ಪರಂಪರೆ ನಮ್ಮದು. ಮಂಗಲಕಲಶವನ್ನು ಹಿಡಿಯಲು ಮಕ್ಕಳಿಲ್ಲದವಳು ಬೇಡವೆನ್ನುವ ಬಸದಿಯಿದ್ದರೆ, ಅಲ್ಲಿಯ ಟ್ರಸ್ಟಿನವರು ಇದನ್ನು ನೆನೆಯಲಿ. ಆರೋಗ್ಯಶಿಬಿರ ನಡೆಸುವ ಟ್ರಸ್ಟುಗಳು ಈ ತಪಾಸಣೆಗೆ ಪತಿಯನ್ನೂ ಕರೆಯಲಿ.

ನನ್ನ ತಪ್ಪನ್ನು ನಾನು ಆಕೆಯ ಮುಂದೆಯೇ ಒಪ್ಪಿಕೊಂಡು ಕ್ಷಮೆ ಬೇಡಿದ್ದೇನೆ. ಪರ್ಯೂಷಣದ ಕೊನೆಗೆ ಸಕಲ ಜೀವರಾಶಿಗಳ ಕ್ಷಮೆ ಕೇಳುವ ನಾವು, ಮನೆಯ ಸೊಸೆಯನ್ನು ಆ ಪಟ್ಟಿಯಿಂದ ಬಿಡದಿರೋಣ.